ಹಿತ್ತಾಳೆ ಫಲಕಕ್ಕೊಂದು ಗೋಡೆ

ತೊಂದರೆ ಶುರುವಾದದ್ದು ಒಂದು ಹಿತ್ತಾಳೆ ಫಲಕದಿಂದ. 'ಮಿತ್ರರಾಷ್ಟ್ರದ ನೆರವಿನಿಂದ' ಎಂದು ಅದರ ಮೇಲೆ ಚೆಂದಾಗಿ ಕೆತ್ತಿಸಿದ್ದರು. ನೆರವಿನಿಂದ ಆದದ್ದೇನು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹಣಕಾಸು ಕಾರ್ಯದರ್ಶಿಗಳು ಅದನ್ನು ಗುಮಾಸ್ತನ ಕೈಗಿಟ್ಟರು. ಎಲ್ಲದಕ್ಕೂ "ಆಯ್ತು ಸಾರ್" ಅನ್ನುತ್ತಿದ್ದ ಅವನನ್ನು ಕಚೇರಿಯವರೆಲ್ಲ ಆಯ್ತಪ್ಪ ಎಂದೇ ಕರೆಯುತ್ತಿದ್ದರು.

"ಬಡತನ ಕಡಿಮೆ ಮಾಡಿ ಅಂತ ದುಡ್ಡು ಕೊಟ್ಟ ದೇಶದ ಮಂತ್ರಿಯಮ್ಮ ಮಧ್ಯಾಹ್ನ ಬರ್ತಾರೆ. ಅವರ ದುಡ್ಡಲ್ಲಿ ಏನಾಗಿದೆಯೋ ಅಲ್ಲಿ ಇದನ್ನ ಹೊಡೆಸು."

"ಆಯ್ತು ಸಾರ್. ಆದ್ರೆ ಅವರು ಕಟ್ಟಡಕ್ಕೆ, ರಸ್ತೆಗೆ ಅಂತ ಕೊಟ್ಟಿಲ್ವಲ್ಲ. ನೇರ ನಮ್ಮ ಖಜಾನೆಗೇ ಹಾಕಿದ್ರು. ನಮ್ಮ ತೆರಿಗೆ ದುಡ್ಡಿನ ಜೊತೆ ಹಾಲಿಗೆ ಹಾಲು ಬೆರೆತ ಹಾಗೆ ಬೆರೆತುಹೋಯ್ತು. ಯಾವುದು ಅವರದ್ದು ಅಂತ..."

"ಅದಕ್ಕೇ ಅಲ್ವೇನಯ್ಯ ನಿನ್ನನ್ನ ಕಳಿಸ್ತಿರೋದು! ಆಕೆ ಮುಖ ಗಂಟಿಕ್ಕಿದ್ರೆ ಮುಂದಿನ ವರ್ಷದ್ದು ಇಲ್ಲ. ನಕ್ಕರೆ ನಿನಗೆ ಬಡ್ತಿ."

ಬಡ್ತಿ ಅಂದದ್ದೇ ಆಯ್ತಪ್ಪನ ಕಾಲಿಗೆ ಚಕ್ರ ಬಂತು. ಫಲಕವನ್ನು ಕಂಕುಳಲ್ಲಿ ಅವುಚಿಕೊಂಡು, ಸುತ್ತಿಗೆ ಜೇಬಿಗಿಳಿಸಿ ಹೊರಟ.

ಶಾಲೆಯ ಹೆಡ್‌ಮಾಸ್ತರರು ಎರಡೂ ಕೈ ಅಡ್ಡ ಹಿಡಿದರು. "ದಮ್ಮಯ್ಯ, ಬೇಡಿ! ಪರದೇಶದ ದುಡ್ಡು ಬಂದಿದೆ ಅಂತ ಬೋರ್ಡು ಕಂಡ್ರೆ, ಅದೆಲ್ಲಿ ಅಂತ ಊರವರು ನನ್ನ ಕುತ್ತಿಗೆ ಹಿಡೀತಾರೆ."

ರಸ್ತೆ ಇಂಜಿನಿಯರ್ ಉದಾರಿ. "ಅಗತ್ಯವಾಗಿ ಹಾಕಿ. ಈ ಗುಂಡಿ ಮುಚ್ಚೋ ಹಾಗೆ ಅಡ್ಡಡ್ಡ ಮಲಗಿಸಿಬಿಡಿ."

ಬೆವರು ಸುರಿಸಿಕೊಂಡು ಕೊನೆಗೆ ಮುಟ್ಟಿದ್ದು ಪುಟ್ಟದೊಂದು ಹೆರಿಗೆ ಆಸ್ಪತ್ರೆಯನ್ನು. ಅಲ್ಲಿನ ನರ್ಸಮ್ಮ ವಿಷಯ ಕೇಳಿ ಗಲಗಲ ನಕ್ಕರು.

"ಈಗ ತಿಂಗಳು ತಿಂಗಳು ಸಂಬಳ ಬರ್ತಿದೆ. ಔಷಧಿ ಮುಗಿಯೋಕೆ ಮೊದಲೇ ಔಷಧಿ ಬರ್ತಿದೆ. ಗೋಡೆಗ್ಯಾಕಪ್ಪ, ನನ್ನ ಕೊರಳಿಗೇ ನೇತುಹಾಕು!"

ಆಯ್ತಪ್ಪನಿಗೆ ಆ ಅಮ್ಮನ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಜಾಗ ಸಿಕ್ಕಿತೆಂದು ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ತಡಮಾಡದೆ ಸ್ಟೂಲು ಹತ್ತಿದ. ಮೊಮ್ಮಗುವಿಗಾಗಿ ಕಾದು ಕೂತಿದ್ದ ಅಜ್ಜಿಯೊಬ್ಬರು "ಸ್ವಲ್ಪ ಎಡಕ್ಕೆ" ಅಂದರು. ಪಕ್ಕದಲ್ಲಿದ್ದ ಅವರ ಬೀಗಿತ್ತಿ "ಎಡಕ್ಕಾದ್ರೆ ಸೊಟ್ಟ ಕಾಣುತ್ತೆ, ಮೇಲಕ್ಕೆ" ಅಂದರು. ಹೆರಿಗೆ ಕೋಣೆಯ ಒಳಗಿನಿಂದಲೇ ಸೊಸೆ "ಇಬ್ಬರೂ ಸುಮ್ಮನಿರ್ತೀರಾ!" ಎಂದು ಕಿರುಚಿದಳು. ಬೀಗಿತ್ತಿಯರಿಬ್ಬರೂ ಮೊದಲ ಬಾರಿಗೆ ಒಪ್ಪಿಕೊಂಡ ಜಾಗದಲ್ಲಿ ಆಯ್ತಪ್ಪ ಮೊಳೆಯಿಟ್ಟು ಬಾರಿಸಿದ.

ಗೋಡೆಯೊಳಗಿದ್ದದ್ದು ನೀರಿನ ಪೈಪು.

ಹಗೆ ತೀರಿಸಿಕೊಳ್ಳುವಂತೆ ನೀರು ಮುಖಕ್ಕೆ ಹೊಡೆಯಿತು. ಆಯ್ತಪ್ಪ ಸ್ಟೂಲಿನಿಂದ ಉರುಳಿದ, ಫಲಕವೂ ಉರುಳಿತು. ಅಜ್ಜಿ ಅದನ್ನು ಎಳೆದುಕೊಂಡು, ಕಾಲು ಒದ್ದೆಯಾಗದಂತೆ ಅದರ ಮೇಲಿಟ್ಟು ನೆಮ್ಮದಿಯಾಗಿ ಕೂತರು. ನರ್ಸಮ್ಮ ಎಲ್ಲಿಂದಲೋ ನಟ್ಟು ತಿರುಗಿಸುವ ಪಾನಾ ತಂದು ಕೊಟ್ಟರು. ಆಯ್ತಪ್ಪ ಅಂಗಿ ಬಿಚ್ಚಿ ತೂತಿಗೆ ತುರುಕಿದ, ಪ್ಯಾಂಟು ಮಡಚಿ ಹಿತ್ತಲಿಗೋಡಿದ, ತುಕ್ಕು ಹಿಡಿದ ವಾಲ್ವಿನ ಜೊತೆ ಕುಸ್ತಿಗೆ ಬಿದ್ದ. ಅಂತೂ ನೀರು ನಿಂತಿತು. ಒಳಗೆ ಮಗು ಅತ್ತಿತು. ಹೊರಗೆ ಕಾರು ಬಂದು ನಿಂತಿತು.

ಬಾಗಿಲಲ್ಲಿ ಮಂತ್ರಿಯಮ್ಮ, ಹಿಂದೆ ಕಾರ್ಯದರ್ಶಿಗಳು. ಮುಂದೆ ಒದ್ದೆ ಬನೀನಿನಲ್ಲಿ, ಕೈಯಲ್ಲಿ ಪಾನಾ ಹಿಡಿದ ಆಯ್ತಪ್ಪ. ಬಡ್ತಿ ಹೋಯಿತು, ಕೆಲಸವೂ ಹೋಯಿತು ಎಂದುಕೊಂಡ.

ಮಂತ್ರಿಯಮ್ಮ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಕಾರ್ಯದರ್ಶಿಗಳು ಕಣ್ಣಲ್ಲೇ ಬೇಡಿಕೊಳ್ಳುತ್ತ ಹೇಳಿದರು: "ಇಷ್ಟು ಚಿಕ್ಕ ಆಸ್ಪತ್ರೆಗೂ ಸರ್ಕಾರ ಪ್ಲಂಬರ್ ಇಟ್ಟಿದೆಯಾ ಅಂತ ಕೇಳ್ತಿದಾರೆ. ಹೌದು ಅನ್ನು."

"ಆ... ಆಯ್ತು ಸಾರ್."

ಮಂತ್ರಿಯಮ್ಮನ ಕಣ್ಣು ತುಂಬಿಬಂತು. ಎಷ್ಟೋ ಕಡೆ ಅವರೇ ಆಸ್ಪತ್ರೆ ಕಟ್ಟಿಸಿ, ಹೆಸರು ಬರೆಸಿ ಹೋಗಿದ್ದರಂತೆ. ಮತ್ತೆ ಬಂದಾಗ ಹೆಸರು ಇರುತ್ತಿತ್ತು, ನಲ್ಲಿ ಕೆಟ್ಟಿರುತ್ತಿತ್ತು, ರಿಪೇರಿಗೆ ಜನವಿರುತ್ತಿರಲಿಲ್ಲ. ಖಜಾನೆಗೇ ದುಡ್ಡು ಕೊಟ್ಟದ್ದು ಸಾರ್ಥಕ ಎಂದು ನಗುತ್ತ ಆಯ್ತಪ್ಪನ ಒದ್ದೆ ಕೈ ಕುಲುಕಿದರು. ಮುಂದಿನ ವರ್ಷದ ನೆರವು ಎರಡು ಪಟ್ಟು! ಪ್ರತಿ ವರ್ಷ ಬಂದು ಇವನನ್ನು ನೋಡಿಯೇ ಹೋಗುವುದಾಗಿಯೂ ಹೇಳಿದರು.

ಕಾರು ಹೊರಡುವ ಮುಂಚೆ ಆಯ್ತಪ್ಪ ಕಿಟಕಿಗೆ ಬಗ್ಗಿದ. "ಸಾರ್, ಆಕೆ ನಕ್ಕರಲ್ಲ... ನನ್ನ ಬಡ್ತಿ?"

"ಬಡ್ತಿ ಇರಲಿ, ಕಚೇರಿ ಕಡೆ ತಲೆ ಹಾಕಬೇಡ. ನಾಳೆಯಿಂದ ನಿನ್ನ ಡ್ಯೂಟಿ ಇಲ್ಲೇ. ದೇಶದ ಬಜೆಟ್ ಈಗ ನಿನ್ನ ಪಾನಾ ಮೇಲೆ ನಿಂತಿದೆ ಕಣಯ್ಯ!"

ಕಾರು ಹೊರಟಿತು. ಆಯ್ತಪ್ಪ ಧೂಳಿನಲ್ಲಿ ಬಾಯಿ ತೆರೆದು ನಿಂತೇ ಇದ್ದ. ನರ್ಸಮ್ಮ ಅಕ್ಕರೆಯಿಂದ ಒಣ ಟವೆಲ್ಲೊಂದನ್ನು ಅವನ ಹೆಗಲಿಗೆ ಹೊದಿಸಿದರು.

"ಒಬ್ಬ ಪ್ಲಂಬರ್ ಕೊಡಿ ಅಂತ ಕೇಳಿ ಕೇಳಿ ನನ್ನ ಗಂಟಲು ಒಣಗಿತ್ತು ಕಣಪ್ಪ. ಅವರ ದುಡ್ಡಿಂದ ಏನು ಬಂತು ಅಂತ ಯಾರಾದ್ರೂ ಕೇಳಿದ್ರೆ, ಇನ್ಮೇಲೆ ನಿನ್ನನ್ನೇ ತೋರಿಸ್ತೀನಿ. ಬಾ, ಹಿಂದೆ ಬಚ್ಚಲೂ ಕಟ್ಟಿಕೊಂಡಿದೆ."