ಸೋಮವಾರದ ಮೀನು

ಈಗಿನ ಪಾರ್ಟಿಗಳಲ್ಲಿ ಊಟದ ಕೊನೆಗೆ ಏನು ಕೊಡುತ್ತಾರೆ, ನೀವೇ ಹೇಳಿ. ಬೆರಳುದ್ದದ ಮರದ ಚಮಚ ಸಿಕ್ಕಿಸಿದ ಒಂದು ಐಸ್‌ಕ್ರೀಮ್ ಕಪ್ಪು. ಅದನ್ನು ಇಸಿದುಕೊಳ್ಳಲು ಸರತಿ ಬೇರೆ. ಮಂಡ್ಯದ ದೊಡ್ಡ ಛತ್ರದಿಂದ ಹಿಡಿದು ಕಿರುಗಾವಲಿನ ಗೃಹಪ್ರವೇಶದವರೆಗೆ ಎಲ್ಲಿ ಹೋದರೂ ಅದೇ ಕಪ್ಪು, ಅದೇ ಚಮಚ. ಇದನ್ನು ನೋಡಿದಾಗಲೆಲ್ಲ ನಾನು, "ನಮ್ಮ ಶಿವನಸಮುದ್ರದ ಪಾರ್ಟಿಗಳಲ್ಲಿ ಪುಡ್ಡಿಂಗ್ ಇರ್ತಿತ್ತು," ಎಂದು ಶುರು ಮಾಡುತ್ತೇನೆ. ನನ್ನ ಧರ್ಮಪತ್ನಿ ಅರುಂಧತಿ ತಕ್ಷಣ ಕೈ ತೊಳೆಯಲು ಎದ್ದು ಹೋಗುತ್ತಾಳೆ. (ಒಮ್ಮೆ ಇನ್ನೂ ಸಾರನ್ನವೇ ಬಡಿಸಿರಲಿಲ್ಲ, ಆಗಲೂ ಎದ್ದಿದ್ದಳು.)

ನಮ್ಮಪ್ಪ ಅಲ್ಲಿನ ಪವರ್‌ಹೌಸಿನಲ್ಲಿ ಆಪರೇಟರ್. ಕ್ವಾರ್ಟರ್ಸಿನಲ್ಲಿ ಯಾರ ಮನೆಯಲ್ಲಿ ಹುಟ್ಟುಹಬ್ಬವಾದರೂ ಪಕ್ಕದ ಮನೆಯ ಖುರ್ಷೀದ್ ಬೇಗಂ ಅವರ ಪುಡ್ಡಿಂಗ್ ಬಂದೇ ಬರುತ್ತಿತ್ತು. ಹಾಲು, ಸಕ್ಕರೆ, ಅದನ್ನು ಗಟ್ಟಿ ಮಾಡುವ ಚೈನಾ ಗ್ರಾಸ್, ಅಷ್ಟೇ. ಆದರೆ ಅದನ್ನು ಹುಯ್ಯುತ್ತಿದ್ದದ್ದು ಅಲ್ಯೂಮಿನಿಯಮ್ಮಿನ ಮೀನಿನ ಅಚ್ಚಿಗೆ. ತಟ್ಟೆಗೆ ಬೋರಲು ಹಾಕಿದರೆ ಬೆಳ್ಳನೆಯ ಮೀನು ಬಾಲ ಅಲ್ಲಾಡಿಸುತ್ತ ಮಲಗುತ್ತಿತ್ತು. ಮಕ್ಕಳೆಲ್ಲ ಬಾಲಕ್ಕೆ ಜಗಳವಾಡುತ್ತಿದ್ದೆವು. ಆ ಮೀನು ಇವತ್ತಿಗೂ ನನ್ನ ಕನಸಿನಲ್ಲಿ ಬರುತ್ತದೆ ಎಂದರೆ ಅರುಂಧತಿ ನಂಬುವುದಿಲ್ಲ.

ಕನಸು ನನಸು ಮಾಡಿಕೊಳ್ಳುವ ಸುಯೋಗ ಮಗಳ ಮದುವೆಯ ಮಾತಿನ ರೂಪದಲ್ಲಿ ಬಂತು. ದೀಪಿಕ ಮದ್ದೂರಿನ ಒಂದು ಶಾಲೆಯಲ್ಲಿ ಟೀಚರ್. ಹುಡುಗ ಆತಗೂರಿನ ಯತೀಶ, ಅದೇ ಶಾಲೆಯ ಮೇಷ್ಟ್ರು. ಅವರಿಬ್ಬರೂ ನಮ್ಮನ್ನು ಕೇಳುವ ಮೊದಲೇ ಒಪ್ಪಿಕೊಂಡಿದ್ದರು. ಆಮೇಲೆ ನಾವು ಒಪ್ಪಿದೆವು, ಹುಡುಗನ ತಂದೆ ಲಿಂಗಯ್ಯನವರೂ ಒಪ್ಪಿದರು. ಉಳಿದದ್ದು ಹುಡುಗನ ಅಜ್ಜಿ ಮಲ್ಲಿಗಮ್ಮ. ಆ ಮನೆಯಲ್ಲಿ ಎಮ್ಮೆ ಕೊಳ್ಳುವುದಿದ್ದರೂ ಅಜ್ಜಿ ಹೂಂ ಅನ್ನಬೇಕಂತೆ. ಸೋಮವಾರ ಮಧ್ಯಾಹ್ನ ಮಳವಳ್ಳಿಯ ನಮ್ಮ ಮನೆಗೆ ಎಲ್ಲರೂ ಊಟಕ್ಕೆ ಬರುವುದು, ಅಜ್ಜಿ ಹೂಂ ಅಂದರೆ ಅಲ್ಲೇ ಎಲೆ ಅಡಿಕೆ ಬದಲಾಯಿಸಿಕೊಳ್ಳುವುದು ಎಂದು ಮಾತಾಯಿತು. ಅಜ್ಜಿ ಉಹೂಂ ಅಂದರೆ ಏನು ಮಾಡುವುದೆಂಬ ಚಿಂತೆಯಲ್ಲಿ ದೀಪಿಕ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಿದ್ದಳು.

"ಒಬ್ಬಟ್ಟು, ಕೋಸಂಬರಿ, ಒಬ್ಬಟ್ಟಿನ ಸಾರು, ಅನ್ನ. ಸಾಕು ಬುಡಿ," ಎಂದಳು ಅರುಂಧತಿ. "ಸೋಮವಾರ ಅಂದ್ರೆ ಅವರ ಮನೇಲಿ ಮಾದಪ್ಪನ ವಾರ. ಆ ಅಜ್ಜಿ ಮೊಟ್ಟೆ ಅನ್ನೋ ಮಾತೂ ಆಡಲ್ವಂತೆ."

"ಒಬ್ಬಟ್ಟು ಎಲ್ಲರ ಮನೇಲೂ ಇರುತ್ತೆ. ನಮ್ಮನೆ ಊಟ ಅವರು ಜನ್ಮದಲ್ಲಿ ಮರೀಬಾರ್ದು. ಪುಡ್ಡಿಂಗ್ ನಂದು."

"ಏನಾದ್ರೂ ಮಾಡ್ಕೊಳಿ. ಒಂದು ಪಾತ್ರೇಲಿ ಮಾಡಿ ಮೂಲೇಲಿಡಿ. ನಾನು ನೋಡ್ಬುಟ್ಟು ಬಡಿಸ್ತೀನಿ."

ಪಾತ್ರೆಯಲ್ಲಿ ಪುಡ್ಡಿಂಗ್. ಈ ಹೆಂಗಸರಿಗೆ ಕಲೆಯೆಂದರೇನೆಂದು ಹೇಗೆ ತಿಳಿಸುವುದು? ನಾನು ಮಾತು ಬೆಳೆಸದೆ ಬಸ್‌ಸ್ಟ್ಯಾಂಡಿನ ಹತ್ತಿರ ಬೈಕ್ ರಿಪೇರಿ ಅಂಗಡಿ ಇಟ್ಟಿರುವ ಮಜೀದನ ಬಳಿ ಹೋದೆ. ಮಜೀದ ಖುರ್ಷೀದ್ ಬೇಗಂ ಅವರ ಮಗ, ಕ್ವಾರ್ಟರ್ಸಿನಲ್ಲಿ ಬಾಲಕ್ಕಾಗಿ ನನ್ನ ಮೂಗಿಗೆ ಗುದ್ದಿದ್ದವನು.

"ಅಮ್ಮಿ ಮೀನಿನಚ್ಚಾ? ಐತಲ್ಲ," ಎಂದು ಅವನು ಬೆಂಚಿನ ಕೆಳಗಿಂದ ಏನನ್ನೋ ಎಳೆದು, ಒಳಗಿದ್ದ ನಟ್ಟು ಬೋಲ್ಟುಗಳನ್ನು ನೆಲಕ್ಕೆ ಸುರಿದು, ಗ್ರೀಸು ಮೆತ್ತಿದ್ದ ನನ್ನ ಬಾಲ್ಯವನ್ನು ಕೈಗಿತ್ತ. "ಯಾವತ್ತು ಬತ್ತಾರೆ ಬೀಗ್ರು?"

"ಸೋಮವಾರ."

"ಸೋಮವಾರ ಮೀನಾ?"

"ಹಾಲು ಕಣ್ಲಾ ಅದು."

"ನಿಮ್ಮ ವಾರ ನಿಮಗ್ ಗೊತ್ತಪ್ಪ," ಎಂದು ಅವನು ಕಾರ್ಬೊರೇಟರಿಗೆ ತಲೆ ತಗ್ಗಿಸಿದ.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತೆ. ಮೊದಲ ಸಲ ಹಾಲು ಉಕ್ಕಿ ಸ್ಟವ್ ಆರಿತು. ಎರಡನೆಯ ಸಲ ಚೈನಾ ಗ್ರಾಸ್ ಸರಿಯಾಗಿ ಕರಗದೆ ಹಾಲಿನಲ್ಲಿ ಶ್ಯಾವಿಗೆಯ ಹಾಗೆ ತೇಲಿತು. (ಅದನ್ನು ಕುಡಿದು ಸಾಕ್ಷ್ಯ ನಾಶ ಮಾಡಿದೆ.) ಹೊರಗಿನಿಂದ ಅರುಂಧತಿ ಆಗಾಗ, "ಸೀದ ವಾಸನೆ ಬತ್ತಾದೆ," ಎಂದು ವರದಿ ಒಪ್ಪಿಸುತ್ತಿದ್ದಳು. ಮೂರನೆಯದು ಗೆದ್ದಿತು. ಗ್ರೀಸು ಹೋಗುವಂತೆ ಉಜ್ಜಿ ತೊಳೆದ ಅಚ್ಚಿಗೆ ಹುಯ್ದು, ಮೇಲೆ ತಟ್ಟೆ ಮುಚ್ಚಿ, ಮೊಸರು ಮತ್ತು ದೋಸೆ ಹಿಟ್ಟನ್ನು ಗಡೀಪಾರು ಮಾಡಿ ಫ್ರಿಜ್ಜಿನಲ್ಲಿಟ್ಟೆ. ಯಾರೂ ತೆರೆದು ನೋಡಕೂಡದೆಂದು ಆಜ್ಞೆ ಹೊರಡಿಸಿದೆ. ನನ್ನ ದುರದೃಷ್ಟ, ನಮ್ಮ ಮನೆಯಲ್ಲಿ ನನ್ನ ಆಜ್ಞೆ ನಡೆದದ್ದು ಅದೊಂದೇ ಸಲ.

ಸೋಮವಾರ ಬೀಗರು ಬಂದರು. ಮಲ್ಲಿಗಮ್ಮಜ್ಜಿ ಸಣ್ಣ ಆಳು, ದೊಡ್ಡ ಕಣ್ಣು, ಹಣೆಯ ತುಂಬ ವಿಭೂತಿ. ಎಲೆಯ ಮುಂದೆ ಕೂತು ಅರುಂಧತಿಯ ಒಬ್ಬಟ್ಟನ್ನು ಮುರಿದು, ತುಪ್ಪದಲ್ಲಿ ಅದ್ದಿ, "ಅದ್ವಾಗದೆ ಕಣವ್ವ," ಎಂದು ತಲೆದೂಗಿದರು. ದೀಪಿಕಳ ಮುಖದಲ್ಲಿ ಜೀವ ಬಂತು. ಯತೀಶ ಅವಳ ಕಡೆ ನೋಡಿ ಸುಮ್ಮನೆ ನಕ್ಕ.

ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ನಾನು ಒಳಗೆ ಹೋಗಿ ಅಚ್ಚನ್ನು ಬಿಸಿನೀರಿನಲ್ಲಿ ಅದ್ದಿ, ಸಾಕ್ಷಾತ್ ಮಾದಪ್ಪನನ್ನೇ ನೆನೆದು, ದೊಡ್ಡ ತಟ್ಟೆಗೆ ಬೋರಲು ಹಾಕಿದೆ. ಒಂದು ಹುರುಪೆಯೂ ಮುಕ್ಕಾಗದೆ ಮೀನು ಇಳಿಯಿತು. ನನ್ನ ಕಣ್ಣು ತುಂಬಿತು. ಆ ಸಂತೋಷದಲ್ಲಿ ಒಂದು ಕಪ್ಪು ದ್ರಾಕ್ಷಿ ತೆಗೆದು ಕಣ್ಣು ಮಾಡಿದೆ. ಬೋಳು ಬೋಳು ಅನ್ನಿಸಿತೆಂದು ಸುತ್ತ ನಿಂಬೆಹಣ್ಣಿನ ಬಿಲ್ಲೆ ಜೋಡಿಸಿ ಕೊತ್ತಂಬರಿ ಸೊಪ್ಪು ಉದುರಿಸಿದೆ. ಹೋಟೆಲಿನಲ್ಲಿ ಹೀಗೇ ಇಡುತ್ತಾರೆಂದು ನೆನಪಿತ್ತು. ಯಾವ ಹೋಟೆಲು, ಯಾವ ಪದಾರ್ಥ ಎಂಬುದು ನೆನಪಾಗಲಿಲ್ಲ.

ತಟ್ಟೆ ಹಿಡಿದು ನೇರವಾಗಿ ಅಜ್ಜಿಯ ಮುಂದೆ ನಿಂತೆ.

"ಏನಪ್ಪ ಅದು?"

"ಪುಡ್ಡಿಂಗ್ ಅಜ್ಜಿ."

"ಮೀನಲ್ವಾ?"

"ಆಕಾರ ಅಷ್ಟೇ ಮೀನಿಂದು."

"ಕಣ್ಣದೆ."

"ಅದು ದ್ರಾಕ್ಷಿ."

"ನಿಂಬೆಅಣ್ಣೂ ಮಡಗಿದ್ದೀಯ." ಅಜ್ಜಿ ಎಲೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇವತ್ತು ಸ್ವಾಮಾರ ಕಣಪ್ಪ."

"ಪೂರ್ತಿ ಹಾಲು ಅಜ್ಜಿ, ನನ್ನ ಮಾತು ನಂಬಿ."

"ಆಲು ಇಂಗೆ ಗಟ್ಟಿಯಾಗಿ ಬಾಲ ಆಡ್ಸದಾ? ಏನಾಕಿದ್ದೀಯ ಅದಕ್ಕೆ?"

ಏನೋ ಒಂದು ಹುಲ್ಲು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನು ಬಿಎಸ್ಸಿ ಓದಿದವನು. "ಅದೊಂದು ಥರ ಪಾಚಿ ಅಜ್ಜಿ. ಸಮುದ್ರದಿಂದ ತೆಗೀತಾರೆ," ಎಂದು ವಿವರಿಸಿದೆ.

"ಸಮುದ್ರದಿಂದ," ಎಂದು ಅಜ್ಜಿ ಮಗನ ಕಡೆ ತಿರುಗಿ ಹೇಳಿದರು. ಲಿಂಗಯ್ಯನವರು ಬಾಯಿಗೆ ಒಯ್ಯುತ್ತಿದ್ದ ಒಬ್ಬಟ್ಟನ್ನು ಎಲೆಗೆ ಇಳಿಸಿದರು. "ಏಳ್ಲಾ ಲಿಂಗ. ಮಾದಪ್ಪನ ವಾರ ಎಲೆ ಮುಂದ್ಕೆ ಮೀನ್ ತಂದೋರ ಮನೇಲಿ ಎಂತಾ ಎಲೆ ಅಡಿಕೆ?"

ಅಜ್ಜಿ ಏಳಲು ನೆಲಕ್ಕೆ ಕೈಯೂರಿದರು. ಬಾಗಿಲ ಬಳಿ ನಿಂತಿದ್ದ ದೀಪಿಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ಮಗಳ ಬಾಳನ್ನು ನನ್ನ ಕೈಯಾರೆ ತಟ್ಟೆಯಲ್ಲಿಟ್ಟು ಹಾಳು ಮಾಡಿದ್ದೆ.

ಅಷ್ಟರಲ್ಲಿ ತಟ್ಟೆ ನನ್ನ ಕೈಯಲ್ಲಿರಲಿಲ್ಲ. ಅರುಂಧತಿ ಅದನ್ನು ಕಿತ್ತುಕೊಂಡು ಹೋಗಿ ಅಡುಗೆಮನೆಯ ಬಾಗಿಲಲ್ಲೇ ನೆಲಕ್ಕೆ ಕೂತಳು. ನಿಂಬೆಹಣ್ಣು, ಸೊಪ್ಪು ಎಲ್ಲ ಗುಡಿಸಿ ಹಾಕಿ, ಮೀನನ್ನು ಪಾತ್ರೆಗೆ ತಳ್ಳಿ, ಎರಡೂ ಪಾದದಿಂದ ಪಾತ್ರೆಯನ್ನು ಅವುಚಿಕೊಂಡು ಮುದ್ದೆ ತಿರುವುವ ಕೋಲು ಹಾಕಿ ತಿರುವಿದಳು, ಎಲ್ಲರಿಗೂ ಕಾಣುವ ಹಾಗೆ, ಗಂಟೊಂದು ಉಳಿಯದ ಹಾಗೆ. ನನ್ನ ಬಾಲ್ಯ ಗಂಜಿಯಾಯಿತು. ಅದಕ್ಕೆ ತಣ್ಣನೆ ಹಾಲು, ಏಲಕ್ಕಿ ಪುಡಿ ಹಾಕಿ ಲೋಟಕ್ಕೆ ಬಗ್ಗಿಸಿ ತಂದು ಅಜ್ಜಿಯ ಮುಂದೆ ಕೂತಳು.

"ಅವ್ವ, ಇದು ಹಾಲುಪಾಯಸ. ಸಮುದ್ರದ್ದು ಅಂದ್ರು ಇವರು. ನಾವು ದಿನಾ ತಿನ್ನೋ ಉಪ್ಪು ಎಲ್ಲಿಂದು? ಪಾಚಿ ಅಂದ್ರೆ ಒಂದು ಸೊಪ್ಪು. ಸೊಪ್ಪಿಗೆ ಯಾವ ವಾರ?"

ಅಜ್ಜಿ ಲೋಟದೊಳಗೆ ಇಣುಕಿದರು. "ಕಣ್ಣೆಲ್ಲಿ?"

"ನಮ್ಮೆಜಮಾನ್ರ ಎಲೆಗೆ ಹಾಕಿದ್ದೀನಿ."

ಅಜ್ಜಿ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ನಾವೆಲ್ಲ ಆ ಗಂಟಲನ್ನೇ ನೋಡುತ್ತ ನಿಂತಿದ್ದೆವು. ಲೋಟ ಖಾಲಿ ಮಾಡಿ ಕೆಳಗಿಟ್ಟು, "ಇನ್ನೊಸಿ ಬುಡವ್ವ," ಎಂದರು. ಆಮೇಲೆ ಮಗನಿಗೆ ಹೇಳಿದರು, "ಎಲೆ ಅಡಿಕೆ ತಗಿಲಾ. ಈ ಮನೆ ಎಣ್ಮಗಳೇ ಬೇಕು ನಮ್ಗೆ."

ಲಿಂಗಯ್ಯನವರಿಗೆ ಅರ್ಥವಾಗಲಿಲ್ಲ. "ಈಗ್ ತಾನೆ ಏಳು ಅಂದ್ಯಲ್ಲವ್ವ."

"ನಮ್ಮ ಯತೀಸ ಯಾರಂಗವ್ನೆ? ಓದ್ ವರ್ಸ ಮೊಬೈಲ್ ನೋಡ್ಕಂಡು ಎಮ್ಮೆಗೆ ಶಾಂಪೂ ಆಕ್ದ. ಅದು ಬೆದ್ರಿ ಕಬ್ಬಿನ ಗದ್ದೆಲಿ ಓಡೋಗಿ ಊರೆಲ್ಲ ಉಡುಕ್ದೋ. ಇವನೂ ಈಯಪ್ಪನ ಜಾತಿನೇ ಕಣ್ಲಾ. ಇಂತೋರು ಕೆಡ್ಸುದ್ದ ನೆಟ್ಟಗೆ ಮಾಡೋ ತಾಯಿ ಇವ್ಳು. ಇವ್ಳು ಸಾಕಿದ ಎಣ್ಣಲ್ದೆ ಬ್ಯಾರೆ ಯಾರು ಬಾಳ್ಸಾರು ಅವನ್ನ?"

ಯತೀಶ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಜಾತಕ ಕೂಡಿ ಬಂದದ್ದು ನಮ್ಮಿಬ್ಬರದು ಎಂದು ಆಗ ತಿಳಿಯಿತು. ದೀಪಿಕ ಅಳುತ್ತಲೇ ನಗುತ್ತಿದ್ದಳು. ಎಲೆ ಅಡಿಕೆ ಬದಲಾಯಿತು. ನಾನು ನನ್ನ ಎಲೆಯ ಮುಂದೆ ಕೂತು ಆ ಒಂದೇ ಒಂದು ದ್ರಾಕ್ಷಿಯನ್ನು ತಿಂದೆ.

ಹೊರಡುವಾಗ ಅಜ್ಜಿ ಅರುಂಧತಿಯ ಎರಡೂ ಕೈ ಹಿಡಿದುಕೊಂಡು, ನನಗೆ ಕೇಳಿಸುವ ಹಾಗೆಯೇ ಗುಟ್ಟು ಹೇಳಿದರು: "ಬೀಗ್ರೂಟ ಭಾನ್ವಾರ ಮಡಿಕ್ಕೊಳವ, ಬಾಡು ಮೀನು ಎಲ್ಲ ಆಗ್ಲಿ. ಆದ್ರೆ ನಿಮ್ಮೆಜಮಾನ್ರನ್ನ ಒಲೆ ತಾವ್ಕೆ ಬುಡಬ್ಯಾಡ ಕಣವ್ವ. ಆಲ್ನಲ್ಲಿ ಮೀನ್ ಮಾಡ್ದೋನು, ಮೀನ್ನಲ್ಲಿ ಒಬ್ಬಟ್ಟು ಮಾಡ್ಬುಟ್ಟಾನು."