ಅತ್ತೆಯ ಮಾತು ಕೇಳುವ ರೇಡಿಯೊ

ನಮ್ಮ ಕೈರೋದಲ್ಲಿ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ನೆಮ್ಮದಿಯಾಗಿ ಕೇಳಿದ ಪುಣ್ಯವಂತ ಯಾರಾದರೂ ಇದ್ದರೆ ತೋರಿಸಿ, ಅವನ ಕೈಗೆ ಮುತ್ತಿಡುತ್ತೇನೆ.

ಹಿಂದೆ ನಮ್ಮ ಓಣಿಯ ಕಾಫಿ ಅಂಗಡಿಯಲ್ಲಿ ಮುದುಕನೊಬ್ಬ ಪಿಟೀಲು ಕುಯ್ಯುತ್ತ ವೀರರ ಕಥೆ ಹೇಳುತ್ತಿದ್ದ. ಯಜಮಾನ ಅವನನ್ನು ಸಾಗಹಾಕಿ ಆ ಜಾಗದಲ್ಲಿ ರೇಡಿಯೊ ಪ್ರತಿಷ್ಠಾಪಿಸಿದ. ಗುರುವಾರ ಸಂಜೆ ನಾಟಕಶಾಲೆಯಿಂದ ನೇರವಾಗಿ ಸಂಗೀತ ಕಛೇರಿ. ಗಾಯಕ ಒಂದು ಸಾಲು ಹಾಡುವುದೇ ತಡ, ಅಲ್ಲಿ ಕೂತವರು "ಇನ್ನೊಂದ್ಸಲ!" ಎಂದು ಕೂಗುತ್ತಾರೆ. ಅದು ನಮ್ಮವರ ಪದ್ಧತಿ. ಕೂಗದಿದ್ದರೆ ಗಾಯಕನಿಗೆ ಅವಮಾನ. ಆದರೆ ಕಾಫಿ ಅಂಗಡಿಯಲ್ಲಿ ಕೂತ ಕಟುಕ, ಕ್ಷೌರಿಕ, ಇಸ್ತ್ರಿಯವನು ಎಲ್ಲರೂ ಪೆಟ್ಟಿಗೆಯ ಮುಂದೆ ಮೇಜು ಗುದ್ದಿ ಕೂಗಬೇಕೆ? (ಗಾಯಕ ಎರಡನೇ ಸಲ ಹಾಡುವುದು ಆ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ಆಮೇಲೆ "ಯಾಕೆ ಹಾಡ್ಲಿಲ್ಲ?" ಎಂದು ಮತ್ತೊಂದು ಗದ್ದಲ.)

ಒಂದು ಗುರುವಾರ ನನಗೆ ತಡೆಯಲಾಗಲಿಲ್ಲ. ಟೋಪಿ ಸರಿಮಾಡಿಕೊಂಡು ಎದ್ದು ನಿಂತೆ.

"ಪೆಟ್ಟಿಗೆಗೆ ಕಿವಿ ಇಲ್ರಯ್ಯಾ! ಬರೀ ಬಾಯಿ!"

"ನಿಮಗೆ ಕಿವಿ ಇದೆ, ಎದೆ ಇಲ್ಲ ಬಸ್ಯೂನಿ ಎಫೆಂದಿಗಳೇ," ಎಂದ ಕಟುಕ.

ಎಲ್ಲರೂ ನಕ್ಕರು. ಸಿಟ್ಟು ನೆತ್ತಿಗೇರಿ ನಾನು ಆಣೆ ಇಟ್ಟುಬಿಟ್ಟೆ: "ಇನ್ನು ಈ ಅಂಗಡಿಯ ಹೊಸ್ತಿಲು ತುಳಿದರೆ ನನ್ನ ಹೆಂಡತಿಗೆ ತಲಾಖ್!" ನಮ್ಮ ಗಂಡಸರು ಸೌತೆಕಾಯಿ ಚೌಕಾಸಿಯಲ್ಲೂ ಈ ಆಣೆ ಇಡುತ್ತಾರೆ. ಇಡುವುದು ಸುಲಭ, ಮುರಿಯುವಂತಿಲ್ಲ.

"ಒಂದು ಹಾಡಿಗೆ ನನ್ನನ್ನೇ ಪಣಕ್ಕಿಟ್ಟು ಬಂದ್ರಾ?" ಎಂದು ಹೆಂಡತಿ ಇನ್ಶಿರಾಹ್ ಎರಡು ದಿನ ಮಾತು ಬಿಟ್ಟಳು.

ಆಗ ಹೊಳೆಯಿತು ಆ ದಿವ್ಯ ಆಲೋಚನೆ. ಮನೆಗೇ ರೇಡಿಯೊ ತಂದರೆ! ತಂದೆ. ಅತ್ತೆ ಗುಲ್ಸೂನ್ ಅಮ್ಮನವರು ಅದರ ಎದುರೇ ಕಾಲು ಮಡಚಿ ಕೂತರು. (ನಮ್ಮ ಮಗಳು ಹುಟ್ಟಿದ ಏಳನೇ ದಿನದ ಶಾಸ್ತ್ರಕ್ಕೆಂದು ಬಂದವರು ಇವರು. ಮಗಳು ಈಗ ಶಾಲೆಗೆ ಹೋಗುತ್ತಾಳೆ.) ಗುರುವಾರ ಬಂತು. ಗಾಯಕ ಮೊದಲ ಸಾಲು ಮುಗಿಸಿದ.

"ಅಲ್ಲಾಹ್! ಇನ್ನೊಂದ್ಸಲ ಮಗನೇ, ಇನ್ನೊಂದ್ಸಲ!" ಎಂದರು ಅತ್ತೆ.

"ಅತ್ತೇ, ಅವನಿಗೆ ಕೇಳ್ಸಲ್ಲ," ಎಂದೆ ಮೆಲ್ಲಗೆ.

ಅವನು ಅದೇ ಸಾಲನ್ನು ಇನ್ನೊಂದು ಸಲ ಹಾಡಿದ. ಅತ್ತೆ ನನ್ನತ್ತ ನೋಡಿದರು.

"ಅದು ಅಲ್ಲಿ ಕೂತಿರೋರು ಕೇಳಿದ್ದಕ್ಕೆ ಹಾಡಿದ್ದು."

"ಅವರ ಕೂಗು ನಮಗೆ ಕೇಳ್ಸುತ್ತೆ ತಾನೆ? ಬರೋಕೆ ದಾರಿ ಇದ್ಮೇಲೆ ಹೋಗೋಕೂ ಇರುತ್ತೆ ಅಳಿಯಂದಿರೇ."

ಸರ್ಕಾರಿ ನೀರಿನ ಇಲಾಖೆಯ ಗುಮಾಸ್ತ ನಾನು. ಕೊಳವೆಯಲ್ಲಿ ನೀರು ಒಂದೇ ಕಡೆ ಹರಿಯುತ್ತದೆ ಎಂದು ವಿವರಿಸಹೊರಟೆ. ಅಷ್ಟರಲ್ಲಿ ಅತ್ತೆ ಮತ್ತೆ ಕೇಳಿದರು, ಅವನು ಮತ್ತೆ ಹಾಡಿದ. ಪರೀಕ್ಷೆಗೆಂದು ನಾನೂ ಸಣ್ಣ ದನಿಯಲ್ಲಿ "ಇನ್ನೊಂದ್ಸಲ" ಎಂದೆ. ಅವನು ಹಾಡು ಮುಗಿಸಿಯೇ ಬಿಟ್ಟ!

"ಅಷ್ಟು ಜನ ಪರಗಂಡಸರು ಕೇಳಿಸ್ಕೊತಿರುವಾಗ ಹೀಗಾ ಬನಿಯನ್ನಲ್ಲಿ ಕೂರೋದು?" ಎಂದರು ಅತ್ತೆ, ಮುಸುಕು ಎಳೆದುಕೊಂಡು.

"ಕೇಳೋದು ಬೇರೆ, ಕಾಣೋದು ಬೇರೆ ಅತ್ತೇ!"

"ಇವತ್ತು ಕೇಳ್ಸುತ್ತೆ, ನಾಳೆ ಕಾಣ್ಸುತ್ತೆ." ಆಮೇಲೆ ದನಿ ತಗ್ಗಿಸಿದರು. "ನೋಡಿ, ನಾನು ವಯಸ್ಸಿಗೆ ಬಂದಾಗಿನಿಂದ ಮದುವೆ ಮನೆಗಳಲ್ಲಿ ಮಹಡಿಯ ಜಾಲರಿ ಹಿಂದೆ ಕೂತೇ ಹಾಡು ಕೇಳಿದೋಳು. ಕೆಳಗೆ ಗಂಡಸರು ಕೇಳಿದ್ರೆ ಎರಡೆರಡು ಸಲ ಹಾಡೋರು. ನಾವು ಉಸಿರೆತ್ತೋ ಹಾಗಿರ್ಲಿಲ್ಲ. ಈಗ ಒಬ್ಬ ನನ್ನ ಮಾತು ಕೇಳ್ತಾನೆ. ನಿಮಗ್ಯಾಕೆ ಹೊಟ್ಟೆಯುರಿ?"

ನಾನು ಎದ್ದು ಹೋಗಿ ಬನಿಯನ್ನಿನ ಮೇಲೆ ಅಂಗಿ ತೊಟ್ಟು ಬಂದೆ.

ಮುಂದಿನ ಗುರುವಾರ ಕಚೇರಿಯಿಂದ ಓಡೋಡಿ ಬಂದೆ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಗುಲ್ಸೂನ್ ಅಮ್ಮನ ಮಾತನ್ನು ರೇಡಿಯೊ ಕೇಳುತ್ತದಂತೆ ಎಂದು ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಪರರ ಹೆಂಗಸರಿರುವಾಗ ಗಂಡಸು ಸುಮ್ಮನೆ ನುಗ್ಗುವಂತಿಲ್ಲ, ಪದ್ಧತಿಯಂತೆ ಕೆಮ್ಮಿ, "ಯಾ ಸಾತಿರ್! ಮರೆ ಕಾಯೋ ದೇವರೇ!" ಎಂದು ಕೂಗಿದೆ.

"ಶ್! ಯಾರದು ಹಾಡಿನ ಮಧ್ಯೆ ಕೆಮ್ಮೋದು?" ಒಳಗಿಂದ ಅತ್ತೆಯ ಗದರಿಕೆ.

ಇನ್ಶಿರಾಹ್ ಬಾಗಿಲ ಸಂದಿನಲ್ಲಿ ಮುಖ ತೋರಿಸಿದಳು. "ಒಳಗೆ ಕಾಲಿಡೋಕೂ ಜಾಗ ಇಲ್ಲ ರೀ. ಕಾಫಿ ಅಂಗಡೀಲಿ ಸ್ವಲ್ಪ ಹೊತ್ತು... ಅಯ್ಯೋ, ಅಲ್ಲಿಗ್ ಮಾತ್ರ ಹೋಗ್ಬೇಡಿ!"

"ಮತ್ತೆಲ್ಲಿಗೆ ಹೋಗ್ಲೇ?"

"ಓಣಿ ಅಷ್ಟುದ್ದ ಇದೆಯಲ್ಲ."

ಓಣಿಗೆ ಇಳಿದೆ. ಬೇರೆ ಅಂಗಡಿಗಳೆಲ್ಲ ಮುಚ್ಚಿದ್ದವು. ಒಂದು ಕಡೆ ನಾನು ತುಳಿಯಬಾರದ ಹೊಸ್ತಿಲು, ಇನ್ನೊಂದು ಕಡೆ ನನ್ನದೇ ಮನೆಯ ಕಿಟಕಿ. ನಡುವೆ ನಾನು, ಒಂದು ಬೆಕ್ಕು. ಎರಡೂ ಕಡೆಯಿಂದ ಒಂದೇ ಹಾಡು ಹರಿದು ಬಂದು ನನ್ನ ಕಿವಿಯಲ್ಲಿ ಕೂಡಿತು. ಗಾಯಕ ವಿರಹದ ಒಂದು ಸಾಲನ್ನು ಏರಿಸಿ, ಏರಿಸಿ, ಮೆತ್ತಗೆ ಕೈಬಿಟ್ಟ ನೋಡಿ, ನನ್ನೊಳಗೆ ಏನೋ ಕಳಚಿಬಿತ್ತು. ಟೋಪಿ ಮೇಲಕ್ಕೆಸೆದು ಕಿರುಚಿದೆ:

"ಅಲ್ಲಾಹ್! ಇನ್ನೊಂದ್ಸಲ! ನಿನ್ನ ಕಣ್ಣಾಣೆ, ಇನ್ನೊಂದ್ಸಲ!"

ಅವನು ಹಾಡಿದ. ಅತ್ತೆ ಕೇಳಿದ್ದಕ್ಕೋ, ನಾಟಕಶಾಲೆಯವರು ಕೇಳಿದ್ದಕ್ಕೋ, ನಾನು ಕೇಳಿದ್ದಕ್ಕೋ, ದೇವರಾಣೆ ಇಂದಿಗೂ ಗೊತ್ತಾಗಿಲ್ಲ. ಹೇಗೆ ಹಾಡಿದನೆಂದೂ ಗೊತ್ತಿಲ್ಲ, ಯಾಕೆಂದರೆ ನಾನಿನ್ನೂ ಕಿರುಚುತ್ತಿದ್ದೆ.

"ಪೆಟ್ಟಿಗೆಗೆ ಕಿವಿ ಇಲ್ಲ ಕಣಯ್ಯಾ!" ಕಾಫಿ ಅಂಗಡಿಯ ಒಳಗಿಂದ ಕಟುಕನ ದನಿ.

"ಯಾವನೋ ಅದು ಕತ್ತೆ ಥರ ಅರಚೋನು? ಒಂದು ಹಾಡು ಕೇಳೋಕೆ ಬಿಡಲ್ವಲ್ಲ!" ಮೇಲಿಂದ ಅತ್ತೆಯ ದನಿ. ಕಿಟಕಿ ದಡಾರನೆ ಮುಚ್ಚಿತು.

ಮರುದಿನ ಬೆಳಿಗ್ಗೆ ಬೇಯಿಸಿದ ಕಾಳಿಗೆ ಎಣ್ಣೆ ಹಾಕಿಕೊಳ್ಳುತ್ತ ಅತ್ತೆ ಹೇಳಿದರು, "ಅಳಿಯಂದಿರೇ, ಮುಂದಿನ ಗುರುವಾರ ಹೇಗಿದ್ರೂ ನೀವು ಕೆಳಗೇ ಇರ್ತೀರಿ. ಆ ಕತ್ತೇನ ಹಿಡ್ದು ಬಾಯಿ ಮುಚ್ಚಿಸ್ಬಿಡಿ. ನಿಮಗೆ ಅಂಥೋರನ್ನ ಕಂಡ್ರೆ ಆಗಲ್ವಲ್ಲ."

ಇನ್ಶಿರಾಹ್ ತಟ್ಟೆಗೆ ಮುಖ ಬಗ್ಗಿಸಿ ಕೆಮ್ಮತೊಡಗಿದಳು.

"ಆಗಲಿ ಅತ್ತೇ," ಎಂದೆ. ನಿನ್ನೆಯ ಕಿರುಚಾಟಕ್ಕೆ ಗಂಟಲು ಕಟ್ಟಿಹೋಗಿದ್ದರಿಂದ ದನಿ ಹೊರಡಲಿಲ್ಲ.