ನಡೆಯುವ ಕೆಲಸವಿಲ್ಲದ ಬಲೂನು

ಮೈಕಿನಲ್ಲಿ ನಾನು ಒಂದು ಹೇಳಿದರೆ ಊರು ಇನ್ನೊಂದು ಮಾಡುವುದು ನನ್ನ ಬದುಕಿನುದ್ದಕ್ಕೂ ನಡೆದುಬಂದಿದೆ. ಎಪ್ಪತ್ತರ ದಶಕದಲ್ಲಿ ರಾಯಚೂರಿನ ಗಲ್ಲಿಗಳಲ್ಲಿ ಟಾಂಗಾದೊಳಗೆ ಕೂತು ಸಿನಿಮಾ ಸಾರುತ್ತಿದ್ದವನು, ಎಂಬತ್ತರ ಹೊತ್ತಿಗೆ ಜೀಪಿಗೆ ಬಡ್ತಿ ಪಡೆದಿದ್ದೆ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎಡಗಾಲು ಹೋಗಿತ್ತು. ಹಾಗಾಗಿ ಕೂತು ಮಾಡುವ ಕೆಲಸವೇ ಬೇಕಿತ್ತು. ಕಾಲಿನಲ್ಲಿ ಉಳಿಸಿದ್ದನ್ನು ದೇವರು ಗಂಟಲಿಗೆ ಹಾಕಿದ್ದ.

ತೊಡೆಯಿಂದ ಹಿಮ್ಮಡಿಯವರೆಗೆ ಕಬ್ಬಿಣದ ಪಟ್ಟಿ, ಕಂಕುಳಲ್ಲಿ ಊರುಗೋಲು. ಇವೆರಡೂ ನನಗೆ ತೊಂದರೆ ಕೊಟ್ಟದ್ದು ಕಡಿಮೆ. ತೊಂದರೆ ಕೊಟ್ಟದ್ದೆಲ್ಲ ಒಳ್ಳೆಯ ಜನ. ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಂತರೆ ಸಾಕು, ಹಿಂದಿನಿಂದ ಯಾರೋ ಪುಣ್ಯಾತ್ಮರು ನನ್ನನ್ನು ಎತ್ತಿ ಎದುರಿಗಿದ್ದ ಬಸ್ಸಿನೊಳಗೆ ಇಟ್ಟುಬಿಡುತ್ತಿದ್ದರು. ನಡೆಯುತ್ತೇನೆ ಬಿಡ್ರಿ ಎಂದರೆ, ಸಂಕೋಚ ಮಾಡಬ್ಯಾಡಪಾ ಎನ್ನುತ್ತಿದ್ದರು. ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಮಾನ್ವಿಗೆಂದು ಹೊರಟು ನಾನು ದೇವದುರ್ಗ ನೋಡಿ ಬಂದದ್ದು ಎಷ್ಟು ಸಲವೋ ಲೆಕ್ಕವಿಲ್ಲ.

ಪ್ರಕಟಣೆ

ಒಂದು ಚಳಿಗಾಲದಲ್ಲಿ ಮುಂಬಯಿಯ ಯಾವುದೋ ಚಹಾಪುಡಿ ಕಂಪನಿಯವರು ರಾಯಚೂರಿಗೆ ಬಲೂನು ತಂದರು. ಜಾತ್ರೆಯಲ್ಲಿ ಮಕ್ಕಳು ಊದುವ ಬಲೂನಲ್ಲ. ಮನೆಗಿಂತ ದೊಡ್ಡದು, ಕೆಳಗೆ ಬೆತ್ತದ ಬುಟ್ಟಿ, ಬುಟ್ಟಿಯ ಮೇಲೆ ತಲೆಗಿಂತ ಎತ್ತರದಲ್ಲಿ ಬುಸ್ಸೆಂದು ಉರಿಯುವ ಗ್ಯಾಸಿನ ಒಲೆ. ಒಳಗಿನ ಗಾಳಿ ಬಿಸಿಯಾದರೆ ಮೇಲೇರುತ್ತದೆ. ಹಾರಿಹೋಗದಂತೆ ಬುಟ್ಟಿಗೊಂದು ಉದ್ದನೆಯ ಹಗ್ಗ, ಅದರ ಇನ್ನೊಂದು ತುದಿಯನ್ನು ಕೆಳಗೆ ಜೀಪಿಗೆ ಕಟ್ಟಿರುತ್ತಾರೆ. ಚಹಾಪುಡಿಯ ಖಾಲಿ ಪೊಟ್ಟಣ ತಂದವರನ್ನು ಮೇಲೆ ಕರೆದೊಯ್ದು ಇಳಿಸುವುದು ಅವರ ಯೋಜನೆ.

ಬಲೂನು ಹಾರಿಸುವವನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಉದ್ದನೆಯ, ತಾಳ್ಮೆಯ ಮನುಷ್ಯ. ಹೊರಗಿನ ಗಾಳಿಗಿಂತ ಒಳಗಿನದು ಬಿಸಿ ಇರಬೇಕು, ಅದಕ್ಕೇ ಚಳಿಗಾಲದ ಬೆಳಗ್ಗೆ ಮಾತ್ರ ಹಾರಿಸುವುದು ಎಂದು ವಿವರಿಸಿದ. ಅದು ಸರಿ, ಬೇಸಿಗೆಯಲ್ಲಿ ಬಂದಿದ್ದರೆ ನಮ್ಮ ಊರೇ ಮೇಲೆ ಹೋಗಿ ನಿಮ್ಮ ಬಲೂನು ಕೆಳಗಿರುತ್ತಿತ್ತು ಎಂದೆ. ಅವನು ನಕ್ಕ. ಜೊತೆಗಿದ್ದ ಕಂಪನಿಯ ಮ್ಯಾನೇಜರು ನಗಲಿಲ್ಲ. ಆ ಮನುಷ್ಯನಿಗೆ ನಗು ಬರುತ್ತಿದ್ದುದು ಫೋಟೋ ತೆಗೆಯುವಾಗ ಮಾತ್ರ.

ಊರೆಲ್ಲ ಸಾರುವ ಕೆಲಸ ನನಗೆ ಬಂತು. ಕನ್ನಡ, ದಖನಿ ಉರ್ದು ಎರಡರಲ್ಲೂ ಸಾರಿದೆ. ಜನ ಹೆದರಬಾರದೆಂದು ನನ್ನ ಕಡೆಯಿಂದ ಒಂದು ಮಾತು ಸೇರಿಸಿದೆ: "ಮೆಟ್ಟಿಲು ಹತ್ತೂದಿಲ್ಲ, ನಡಿಯೋ ಕೆಲಸ ಇಲ್ಲ. ಬುಟ್ಟ್ಯಾಗ ಬಂದ್ರ ಸಾಕು, ಮ್ಯಾಲ ಬಲೂನ ಒಯ್ತದ."

ಮರುದಿನ ಬೆಳಗ್ಗೆ ಹತ್ತಿ ಮಾರುಕಟ್ಟೆಯ ಪಕ್ಕದ ಬಯಲಿಗೆ ಹೋದರೆ ಗಟ್ಟಿಮುಟ್ಟಾದವರೆಲ್ಲ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಅವರಿಗೆ ಜೀವದಾಸೆ. ಬುಟ್ಟಿಯ ಹತ್ತಿರ ಸಾಲುಗಟ್ಟಿದವರು ಬೇರೆ. ಹೊರಸಿನ ಮೇಲೆ ಮಲಗಿದ್ದವರು, ಮಕ್ಕಳ ಬೆನ್ನ ಮೇಲಿದ್ದವರು, ಎತ್ತಿನ ಗಾಡಿಯಲ್ಲಿ ಬಂದವರು, ಕೈಗಾಡಿಯಲ್ಲಿ ಕೂತವರು. ಮೊಣಕಾಲು ಹಿಡಿದ ನಿವೃತ್ತ ಮೇಷ್ಟರು ಬಂದಿದ್ದರು. ನನ್ನಂಥ ಪೋಲಿಯೋದವರು ಎಲ್ಲೆಲ್ಲಿ ಅಡಗಿದ್ದರೋ, ಅವರೂ ಬಂದಿದ್ದರು. ಎಲ್ಲರ ಕೈಯಲ್ಲೂ ಚಹಾಪುಡಿಯ ಪೊಟ್ಟಣ.

ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, ಗಿರಾಕಿಗಳನ್ನು ಕರಿ ಅಂದರೆ ಆಸ್ಪತ್ರೆ ಕರೆತಂದಿದ್ದೀಯಲ್ಲ ಎಂದು ಕೂಗಾಡಿದ. ಕ್ಯಾಪ್ಟನ್ ಮಾತ್ರ ಸಾಲನ್ನೊಮ್ಮೆ ನೋಡಿ, ಇಳಿಯುವಾಗ ಬುಟ್ಟಿ ನೆಲಕ್ಕೆ ಕುಟ್ಟುತ್ತದೆ, ಆಗ ಮೊಣಕಾಲು ಸ್ವಲ್ಪ ಬಾಗಿದರೆ ಸಾಕು, ಎಲ್ಲರೂ ಬರಲಿ ಎಂದ. ಹಾಗಾದರೆ ನಾನೂ ಬರಬಹುದೇ ಎಂದು ಕೇಳಿದೆ. ನಿಜ ಹೇಳಬೇಕೆಂದರೆ, ಆ ಬಲೂನು ಬಿಚ್ಚಿದ ಗಳಿಗೆಯಿಂದ ನನಗೆ ಅದೊಂದೇ ಆಸೆ ಹತ್ತಿತ್ತು. ಕ್ಯಾಪ್ಟನ್ ನನ್ನ ಕಾಲಿನ ಪಟ್ಟಿ ತಟ್ಟಿ ನೋಡಿದ. ನೋಯುವ ಮೊಣಕಾಲು ಭಯಕ್ಕಾದರೂ ಬಾಗುತ್ತದೆ, ಕಬ್ಬಿಣ ಬಾಗದು, ಮೂಳೆ ಮುರಿಯುತ್ತದೆ ಎಂದ. ಪಟ್ಟಿ ಬಿಚ್ಚಿದರೆ ನಾನು ನಿಲ್ಲಲಾರೆ, ಕಟ್ಟಿದರೆ ಬಾಗಲಾರೆ.

ಹೀಗೆ ಸುತ್ತಮುತ್ತಲಿನ ಕಾಲಿಲ್ಲದವರನ್ನೆಲ್ಲ ಕರೆದವನು ನಾನು, ಕೆಳಗೆ ಉಳಿದವನೂ ನಾನೇ.

ಗುಂಜಹಳ್ಳಿಯ ಯಜಮಾನ

ಬುಟ್ಟಿಗೆ ಬಾಗಿಲಿರಲಿಲ್ಲ. ಎದೆಯೆತ್ತರದ ಅಂಚು ದಾಟಿ ಒಳಗಿಳಿಯಬೇಕು. ಪಕ್ಕದಲ್ಲೇ ಮಾರುಕಟ್ಟೆಯ ಹಮಾಲರಿದ್ದರು, ಅವರನ್ನು ಕರೆದೆವು. ಮೊದಲು ಬಂದವನು ಅಭ್ಯಾಸಬಲದಿಂದ ಚೀಲಕ್ಕೆ ಚುಚ್ಚುವ ಕಬ್ಬಿಣದ ಕೊಂಡಿ ಹಿಡಿದೇ ಬಂದ. ಅದನ್ನು ನೋಡಿದ್ದೇ ತಡ, ಮೊಣಕಾಲು ಹಿಡಿದಿದ್ದ ಮೇಷ್ಟರು ಯಾರ ಸಹಾಯವೂ ಇಲ್ಲದೆ ಅಂಚು ದಾಟಿ ಬುಟ್ಟಿಯೊಳಗಿದ್ದರು.

ಗುಂಜಹಳ್ಳಿಯಿಂದ ಒಬ್ಬ ಯಜಮಾನನನ್ನು ಅವನ ಮಕ್ಕಳು ಗಾಡಿಯಲ್ಲಿ ತಂದಿದ್ದರು. ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹೊರಸು ಹಿಡಿದು ವರ್ಷಗಳಾಗಿದ್ದವು. ಹಮಾಲ ಅವನನ್ನು ಜೋಪಾನವಾಗಿ ಎತ್ತಿ ಒಳಗೆ ಇಟ್ಟ. ನಿಲ್ಲಲಾರದವನು, ಆದರೆ ಒಣಗಿ ಹಗುರಾಗಿದ್ದಾನೆಂದು ಕ್ಯಾಪ್ಟನ್ ಅವನನ್ನು ತನ್ನ ಎದೆಗೊರಗಿಸಿ ನಡುಪಟ್ಟಿಯಿಂದ ಕಟ್ಟಿಕೊಂಡ. ನನ್ನ ಭಾರಕ್ಕೆ ಆ ಉಪಾಯ ನಡೆಯದು ಎಂದ. ಬಲೂನು ಏರಿತು. ಯಜಮಾನ ನಾಲ್ಕೂ ದಿಕ್ಕು ನೋಡಿದ. ಕೋಟೆ ನೋಡಿದ, ಸ್ಟೇಷನ್ನಿನ ರೈಲು ನೋಡಿದ, ಅಕ್ಕಿ ಗಿರಣಿಯ ಹೊಗೆ ನೋಡಿದ. ಇಳಿಸುವ ಹೊತ್ತಾದಾಗ ಒಲ್ಲೆ ಎಂದ.

ಮಕ್ಕಳು ಕೆಳಗಿನಿಂದ, ಯಪ್ಪಾ ಇಳಿ, ಹೊತ್ತಾತು, ಮಂದಿ ಕಾಯಾಕತ್ಯಾರ ಎಂದು ಅಂಗಲಾಚಿದರು. ಅವನು ಮೇಲಿಂದ ಹೇಳಿದ: "ಇಳದ್ರ ಮತ್ತ ಅದೇ ಹೊರಸಿನ ಮ್ಯಾಲ ಹಾಕ್ತೀರಿ. ಮಾತಾಡೋದು ಇದ್ರ ನೀವ ಮ್ಯಾಲ ಬರ್ರಿ."

ಅಷ್ಟು ವರ್ಷ ಮಲಗಿದ ತಂದೆಯ ತಲೆಯ ಮೇಲೆ ನಿಂತು ಮಾತಾಡುತ್ತಿದ್ದ ಮಕ್ಕಳು ಅವತ್ತು ಕತ್ತೆತ್ತಿ ಮಾತಾಡಬೇಕಾಯಿತು. ನನಗೆ ಅದು ಬಹಳ ಹಿತವಾಗಿತ್ತು. ಕೊನೆಗೆ ದೊಡ್ಡ ಮಗ, ನಾಳೆಯಿಂದ ಹೊರಸನ್ನು ಒಳಕೋಣೆಯಿಂದ ತೆಗೆದು ಬೀದಿ ಕಾಣುವ ಕಟ್ಟೆಗೆ ಹಾಕುತ್ತೇವೆ ಎಂದು ಎಲ್ಲರ ಮುಂದೆ ಮಾತು ಕೊಟ್ಟ. ಯಜಮಾನ ಒಂದು ಗಳಿಗೆ ಯೋಚಿಸಿ, ದಿನಾ ಎರಡು ಸಲ ಚಹಾ ಎಂದೂ ಸೇರಿಸಿ ಆಮೇಲೆ ಇಳಿದ.

ಪರದೆ

ರಾಯಚೂರು ಮುಗಿಸಿ ಮಾನ್ವಿಗೆ ಹೋದಾಗ ಅಲ್ಲಿನ ಹತ್ತಿ ವ್ಯಾಪಾರಿಯೊಬ್ಬರ ತಾಯಿ ಬಲೂನು ಹತ್ತುತ್ತೇನೆಂದರು. ಊರೆಲ್ಲ ಅವರನ್ನು ದಾದಿಮಾ ಎನ್ನುತ್ತಿತ್ತು. ಭಾರೀ ಮೈ, ಕಲ್ಲಾಗಿ ಹೋದ ಮೊಣಕಾಲು. ಅದೇ ಊರಿನ ಇನ್ನೊಂದು ಮೊಹಲ್ಲಾದಲ್ಲಿ ಅವರ ತಂಗಿಯಿದ್ದರು, ಅವರದೂ ಅಂಥದೇ ಕಾಲು. ನಾಲ್ಕು ಗಲ್ಲಿಯ ಅಂತರದಲ್ಲಿದ್ದೂ ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳೇ ಆಗಿದ್ದವು. ನಾನು ಮೇಲೆ ಹೋಗುತ್ತೇನೆ, ನೀನು ಹೊರಿಸಿಕೊಂಡಾದರೂ ಮಾಳಿಗೆಗೆ ಬಾ ಎಂದು ದಾದಿಮಾ ಹೇಳಿಕಳಿಸಿದ್ದರು.

ದಾದಿಮಾ ಬಂದದ್ದು ಪರದೆ ಕಟ್ಟಿದ ಟಾಂಗಾದಲ್ಲಿ. ಆ ಪರದೆಯನ್ನೇ ಬಿಚ್ಚಿ ಬುಟ್ಟಿಯ ಸುತ್ತ ಕಟ್ಟಿ ಎಂದರು. ತಮಗೂ ಕ್ಯಾಪ್ಟನ್‌ಗೂ ನಡುವೆ ಇನ್ನೊಂದು. ಕ್ಯಾಪ್ಟನ್ ಕಂಗಾಲಾಗಿ, ಸುತ್ತ ಬಟ್ಟೆ ಕಟ್ಟಿದರೆ ನಾನು ದಾರಿ ನೋಡುವುದು ಹೇಗೆಂದು ನನ್ನನ್ನು ಕೇಳಿದ. ನಾನು ದಾದಿಮಾರನ್ನು ಕೇಳಿದೆ. ಟಾಂಗಾದಲ್ಲಿ ದಾರಿ ನೋಡುವುದು ಕುದುರೆ, ಟಾಂಗಾದವನಿಗೆ ಅದರ ಉಸಾಬರಿ ಏಕೆ ಎಂದರು. ಕುದುರೆ ಎಲ್ಲಿದೆ ಎಂದ ಕ್ಯಾಪ್ಟನ್. ದಾದಿಮಾ ಪರದೆಯೊಳಗಿಂದಲೇ ಬೆರಳು ಚಾಚಿ, ಹಗ್ಗ ಕಟ್ಟಿದ್ದ ಜೀಪು ತೋರಿಸಿದರು.

ತಾಯಿಗೆ ಸುಖವಾಗಲೆಂದು ಮಗ ಹತ್ತಿ ತುಂಬಿದ ದೊಡ್ಡ ಚೀಲವೊಂದನ್ನು ಕಳಿಸಿದ್ದರು. ಅದನ್ನು ಬುಟ್ಟಿಯೊಳಗಿಟ್ಟು, ಅಂಚಿನಾಚೆ ಕಾಣುವಷ್ಟು ಎತ್ತರಕ್ಕೆ ಅವರನ್ನು ಅದರ ಮೇಲೆ ಕೂರಿಸಿದರು. ಕಲ್ಲಾದ ಕಾಲು ನೋಡಿ ಹಿಂಜರಿಯುತ್ತಿದ್ದ ಕ್ಯಾಪ್ಟನ್ ಆ ಚೀಲವನ್ನು ಒತ್ತಿ ನೋಡಿದ, ಮತ್ತೆ ಒತ್ತಿದ, ಆಮೇಲೆ ತಿರುಗಿ ನನ್ನ ಕಾಲು ನೋಡಿದ. ಕೂತು ಇಳಿದರೆ ಮೊಣಕಾಲು ಬಾಗಬೇಕಿಲ್ಲ ಎಂದ. ನನ್ನೆದೆ ಆಗಲೇ ನೆಲ ಬಿಟ್ಟಿತು.

ಬಲೂನು ಮೇಲೇರಿತು. ಕೆಳಗಿನವರಿಗೆ ಕಾಣುತ್ತಿದ್ದುದು ಹೂವಿನ ಪರದೆ ಮಾತ್ರ. ಮಾಳಿಗೆಗಳ ಮಟ್ಟ ದಾಟಿದ ಮೇಲೆ ಪರದೆಯ ಒಂದು ಅಂಚು ಸರಿಯಿತು. ಇನ್ನಷ್ಟು ಮೇಲೆ ಹೋದ ಮೇಲೆ ಇಡೀ ಪರದೆ ಹಾರಿಬಿತ್ತು, ದಾದಿಮಾ ಸೊಂಟದವರೆಗೆ ಹೊರಗೆ ಬಾಗಿದರು. ದೂರದ ಮಾಳಿಗೆಯ ಮೇಲೆ ತಂಗಿ ಕೈ ಬೀಸುತ್ತಿದ್ದರು. ನನ್ನ ಪಕ್ಕದ ಹಮಾಲ ಆಗಲೇ ಟವೆಲ್ಲು ಕಣ್ಣಿಗೆ ಒತ್ತಿದ್ದ. ಆಗ ಮೇಲಿಂದ ದಾದಿಮಾರ ದನಿ ಕೇಳಿತು.

"ಅರೀ, ವೋ ಮೇರಾ ದೇಗ್ ಹೈ ನಾ?"

ಅದು ನನ್ನ ದೇಗಲ್ಲವೇ ಎಂದು ಕೇಳಿದ್ದು. ಯಾವುದೋ ಮದುವೆಯ ಕಾಲದಲ್ಲಿ ಬಿರಿಯಾನಿ ಮಾಡಲು ತಂಗಿ ಒಯ್ದ ತಾಮ್ರದ ದೊಡ್ಡ ಪಾತ್ರೆ, ಆಮೇಲೆ ಕಳುವಾಯಿತೆಂದು ಹೇಳಿದ್ದ ಪಾತ್ರೆ, ಮಾಳಿಗೆಯ ಮೇಲೆ ಕೋಳಿಗಳಿಗೆ ನೀರಿಡಲು ಕೂತಿತ್ತು. ಬೀಸುತ್ತಿದ್ದ ಕೈ ನಿಂತಿತು. ತಂಗಿ ಸೆರಗಿನಿಂದ ಪಾತ್ರೆ ಮುಚ್ಚಲು ನೋಡಿದರು. ಸೆರಗು ಚಿಕ್ಕದು, ದೇಗ್ ದೊಡ್ಡದು. ಮುಂದಿನ ಮಾತುಗಳನ್ನು ಇಡೀ ಮಾನ್ವಿ ಕೇಳಿತು. ಅದಕ್ಕೆ ನನ್ನ ಮೈಕು ಬೇಕಾಗಲಿಲ್ಲ.

ಮರುದಿನ ಬೆಳಗ್ಗೆ ಹಮಾಲರು ತೊಳೆದು ಹೊಳೆಯುವ ದೇಗನ್ನು ಹೊತ್ತು ಬಯಲಿಗೆ ಬಂದರು. ಅದರ ಹಿಂದೆಯೇ ಮಂಚದ ಮೇಲೆ ತಂಗಿ ಬಂದರು, ಕೈಯಲ್ಲಿ ಚಹಾಪುಡಿಯ ಪೊಟ್ಟಣ. ನನ್ನನ್ನೂ ಮೇಲೆ ಕಳಿಸಿ, ಅಕ್ಕನ ಮಾಳಿಗೆಯ ಮೇಲೆ ನನ್ನವು ಏನೇನಿವೆ ನೋಡಬೇಕು ಎಂದರು.

ಅರಕೇರಾದ ದಾರಿ

ಅಷ್ಟರಲ್ಲಿ ಪತ್ರಿಕೆಯವರು ನಡೆಯಲಾರದವರ ಬಲೂನು ಎಂದು ಬರೆದುಬಿಟ್ಟಿದ್ದರು. ಮುಂಬಯಿಯಲ್ಲಿ ಕಂಪನಿಗೆ ಬಹಳ ಖುಷಿಯಾಯಿತಂತೆ. ಅಂದಿನಿಂದ ಅದು ಮ್ಯಾನೇಜರನದೇ ಆಲೋಚನೆ. ಕೊನೆಯ ದಿನ ದೇವದುರ್ಗದ ಸಂತೆ ಬಯಲಿನಲ್ಲಿ ನನ್ನ ಸರದಿ ಬಂತು. ಹತ್ತಿ ಚೀಲದ ಮೇಲೆ ಕಬ್ಬಿಣದ ಕಾಲು ಚಾಚಿ ಕೂತೆ, ಕೈಯಲ್ಲಿ ಸಾರುವುದಕ್ಕೆ ಬ್ಯಾಟರಿಯ ಕೈಮೈಕು, ನಮ್ಮ ಭೋಂಗಾ. ಕುಂಟನ ಹೆಗಲ ಮೇಲೆ ಕೈಯಿಟ್ಟ ಫೋಟೋ ಬೇಕೆಂದು ಮ್ಯಾನೇಜರೂ ಹತ್ತಿದ.

ಜೀಪು ಕೆಟ್ಟಿತ್ತು. ಹಾಗಾಗಿ ಆ ಬೆಳಗ್ಗೆ ಹಗ್ಗವನ್ನು ಒಬ್ಬ ರೈತನ ಟ್ರ್ಯಾಕ್ಟರಿಗೆ ಕಟ್ಟಿದ್ದರು. ಒಂಬತ್ತಕ್ಕೆ ನಾನು ಅರಕೇರಾಕ್ಕೆ ಹೋಗಲೇಬೇಕು ಎಂದು ಅವನು ಕನ್ನಡದಲ್ಲಿ ಹೇಳಿದ್ದ. ಮ್ಯಾನೇಜರು ತಿಳಿಯದ ಮಾತಿಗೆಲ್ಲ ಹೇಳುವಂತೆ ಹೂಂ ಅಂದಿದ್ದ.

ಬಲೂನು ಏರಿತು. ನನ್ನ ಕಾಲ ಕೆಳಗೆ ದೇವದುರ್ಗ ಸಣ್ಣದಾಯಿತು. ಎಷ್ಟೋ ಸಲ ತಪ್ಪಿ ಬಂದಿಳಿದಿದ್ದ ಊರು, ಅವತ್ತು ಮೊದಲ ಸಲ ನಾನೇ ಕೇಳಿ ಬಂದು ನೋಡಿದೆ. ಕಣ್ಣಲ್ಲಿ ನೀರು ಬಂತು. ಇಡೀ ಊರಿನಲ್ಲಿ ಯಾರ ಮುಖವೂ ನನಗಿಂತ ಮೇಲಿರಲಿಲ್ಲ. ಅಷ್ಟರಲ್ಲಿ ಒಂಬತ್ತಾಯಿತು.

ಚಹಾ ಕುಡಿದು ಬಂದ ರೈತ ಟ್ರ್ಯಾಕ್ಟರು ಶುರು ಮಾಡಿ ಹೊರಟೇಬಿಟ್ಟ. ಹಿಂದೆ ತಿರುಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಸಂತೆ ಬಯಲಿನ ಜನ ಓಡಿದರು, ಆದರೆ ಟ್ರ್ಯಾಕ್ಟರಿನ ಸದ್ದಿಗೆ ಅವರ ಕೂಗು ಕೇಳಲಿಲ್ಲ. ಎಳೆಯುತ್ತಿರುವಾಗ ಇಳಿದರೆ ಬುಟ್ಟಿ ಚಿಂದಿಯಾಗುತ್ತದೆಂದು ಕ್ಯಾಪ್ಟನ್ ಒಲೆ ಉರಿಸುತ್ತಲೇ ಹೋದ. ನಾನು ಭೋಂಗಾ ಎತ್ತಿ, ನಿಲ್ಲಿಸಪಾ, ಟ್ರ್ಯಾಕ್ಟರ್ ನಿಲ್ಲಿಸು ಎಂದು ಕೂಗಿದೆ. ನನ್ನ ದನಿ ಆ ಸೀಮೆಗೆಲ್ಲ ಪರಿಚಿತ. ಪ್ರಚಾರದ ಜೀಪು ಹಿಂದೆ ಬಂತು, ದಾರಿ ಕೇಳುತ್ತಿದೆ ಎಂದುಕೊಂಡು ಅವನು ಟ್ರ್ಯಾಕ್ಟರನ್ನು ಬದಿಗೆ ಸರಿಸಿ, ಮುಂದೆ ಹೋಗಿ ಎಂದು ಕೈ ಬೀಸಿದ. ನಾನು ಕೂಗಿದಾಗಲೆಲ್ಲ ಬೀಸಿದ.

ಅರಕೇರಾದ ಹತ್ತಿರ ತನ್ನ ಹೊಲದ ಬದುವಿಗೆ ಬಂದು ಅವನು ನಿಲ್ಲಿಸಿದ. ನಾವು ಇಳಿದೆವು. ಬುಟ್ಟಿ ಒಂದು ಸಲ ಕುಟ್ಟಿ ಮಗ್ಗುಲಿಗೆ ಉರುಳಿತು. ಹತ್ತಿ ಚೀಲ ನನ್ನನ್ನು ಕಾಯಿತು. ಮಗ್ಗುಲಾದ ಬುಟ್ಟಿಯಿಂದ ಹೊರಬರಲು ತೆವಳುವುದೊಂದೇ ದಾರಿ, ಆ ವಿದ್ಯೆಯಲ್ಲಿ ನಾನು ಬಾಲ್ಯದಿಂದ ಪಳಗಿದವನು. ಮೊದಲು ಹೊರಗೆ ಬಂದು, ಹೊರಗುರುಳಿದ್ದ ಚೀಲಕ್ಕೊರಗಿ ಕೂತೆ. ಬಲೂನಿನ ಬಟ್ಟೆ ನನ್ನ ಕಾಲಿನ ಮೇಲೆ ಬಿದ್ದು ಕಬ್ಬಿಣದ ಪಟ್ಟಿಯನ್ನು ಮುಚ್ಚಿತ್ತು. ನನ್ನ ಹಿಂದೆ ಕ್ಯಾಪ್ಟನ್ ಪಾದ ಉಳುಕಿಸಿಕೊಂಡು ಬಂದ. ಆಮೇಲೆ ಮಂಡಿ ತರಚಿಸಿಕೊಂಡ ಮ್ಯಾನೇಜರು ನಾಲ್ಕೂ ಕಾಲಿನಲ್ಲಿ ಬಂದ.

ಕುರಿ ಕಾಯುವವರು ಓಡಿಬಂದರು. ನಡೆಯಲಾರದವರ ಬಲೂನಿನ ಸುದ್ದಿ ಅವರಿಗೂ ತಲುಪಿತ್ತು. ಹಿರಿಯನೊಬ್ಬ ತೆವಳುತ್ತಿದ್ದ ಇಬ್ಬರನ್ನೂ ಕನಿಕರದಿಂದ ನೋಡಿ ನನಗೆ ಕೈಮುಗಿದ.

"ಇಂಥಾ ಕೈಲಾಗದವ್ರನ್ನ ಕರ್ಕೊಂಡು ತಿರಗಾಕತ್ತೀಯಲ್ಲಪಾ. ನಿನಗ ಪುಣ್ಯ ಬರ್ತದ."

ಬಲೂನು ನೋಡಲು ರಸ್ತೆಯಲ್ಲಿ ಒಂದು ಬಸ್ಸು ನಿಂತಿತ್ತು. ಕುರಿಗಾರರು ಮ್ಯಾನೇಜರನನ್ನು ಮರಿಯಂತೆ ಹೆಗಲಿಗೆ ಹಾಕಿಕೊಂಡು ಅತ್ತ ಹೊರಟರು. ಅವನು ಬಿಡಿ, ನಾನು ನಡೆಯಬಲ್ಲೆ ಎಂದು ಹಿಂದಿಯಲ್ಲಿ ಒದರಾಡಿದ. ಏನಂತಾರ ಎಂದು ಹಿರಿಯ ನನ್ನನ್ನು ಕೇಳಿದ. ಜೀವನದಲ್ಲಿ ಮೊದಲ ಸಲ ಯಾರನ್ನು ಎತ್ತಬೇಕೆಂಬುದು ನನ್ನ ಕೈಲಿತ್ತು.

"ನಡೀತೀನಿ ಅಂತಾರ. ಕೇಳಬ್ಯಾಡ್ರಿ. ಹೊಸದಾಗಿ ಕುಂಟಾದವ್ರು ಹಂಗ ಅಂತಾರ," ಎಂದೆ.

ಸಂಕೋಚ ಮಾಡಬ್ಯಾಡ್ರಿ ಸಾಹೇಬ್ರ ಎನ್ನುತ್ತ ಅವನನ್ನು ಬಸ್ಸಿನೊಳಗೆ ಇಟ್ಟು ಬಾಗಿಲು ಹಾಕಿದರು. ಬಸ್ಸು ಹೊರಟಿತು. ಎಲ್ಲಿಗೆ ಹೋಗಬೇಕೆಂದು ಅವನನ್ನು ಯಾರೂ ಕೇಳಲಿಲ್ಲ. ಅದು ಎಲ್ಲಿಗೆ ಹೋಗುವ ಬಸ್ಸೆಂದು ನನಗೆ ಗೊತ್ತಿತ್ತು, ಆದರೆ ನನ್ನನ್ನೂ ಯಾರೂ ಕೇಳಲಿಲ್ಲ.